ಭಾವನ ಹಿಮಗಲ್ಲು

ಸೌದಿಯ ಬೇಸಿಗೆಯಲ್ಲಿ ತಂಪಿನ ವಿಷಯ ಮಾತಾಡಲು ಇಬ್ಬರಿಗೆ ಮಾತ್ರ ಅಧಿಕಾರವಿದೆ: ಎ.ಸಿ. ರಿಪೇರಿಯವನಿಗೆ ಮತ್ತು ನನ್ನ ಭಾವನಿಗೆ. ರಿಪೇರಿಯವನು ಕೆಲಸ ಮುಗಿಸಿ ಹೊರಟುಹೋಗುತ್ತಾನೆ. ಭಾವ ನಿಲ್ಲಿಸುವುದೇ ಇಲ್ಲ!

ಭಾವ, ಅಂದರೆ ನನ್ನ ಅಕ್ಕನ ಗಂಡ, ಮಂಗಳೂರು ಬಂದರಿನವರು. ಅಲ್ ಅಹ್ಸಾದ ಒಂದು ಕಂಪೆನಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ನೆಲದಡಿಯ ಒಂದೊಂದು ಬಂಡೆಪದರಕ್ಕೂ ಒಂದೊಂದು ಹೆಸರು, ಒಂದೊಂದು ಬಣ್ಣ. ಅವುಗಳಲ್ಲಿ ಖಸೀಮ್ ಕಡೆಯ 'ಸಾರಾ' ಎಂಬ ಪದರ ಅವರ ತಲೆಗೆ ಹತ್ತಿಬಿಟ್ಟಿತು. ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಮರಳುಗಾಡಿನ ಮೇಲೆ ಹಿಮ ಹರಿದಿತ್ತಂತೆ. ದಾರಿಯುದ್ದಕ್ಕೂ ಕಿತ್ತು ತಂದ ಮರಳು, ಜಲ್ಲಿ, ಜೇಡಿ, ಗುಂಡುಕಲ್ಲುಗಳನ್ನೆಲ್ಲ ಅಲ್ಲಿ ಸುರಿದು ಕರಗಿಹೋಯಿತಂತೆ. ಆ ರಾಶಿಯೇ ಗಟ್ಟಿಯಾಗಿ, ಅಲ್ಲಿಯ ಗುಡ್ಡವೊಂದರ ಹೆಸರು ಪಡೆಯಿತು. ಇಷ್ಟು ವಿಜ್ಞಾನ. ಇದನ್ನು ಶುಕ್ರವಾರ ಬಿರಿಯಾನಿಗೆ ಬಂದವರಿಗೆಲ್ಲ ಕೈ ತೊಳೆಯುವವರೆಗೂ ಹೇಳುವುದು ನಮ್ಮ ಭಾವ.

ಒಮ್ಮೆ ಅಕ್ಕ, ಭಾವ, ಅವರ ಜೊತೆಗೇ ಇದ್ದ ನಾನು, ಮೂವರೂ ಮದೀನಾಕ್ಕೆ ಕಾರಿನಲ್ಲಿ ಹೊರಟಿದ್ದೆವು. ಖಸೀಮ್ ದಾಟುವಾಗ ಭಾವ ಹೆದ್ದಾರಿ ಬಿಟ್ಟು ಒಂದು ಬೋಳುಗುಡ್ಡದ ಬುಡಕ್ಕೆ ಕಾರು ತಿರುಗಿಸಿದರು. ಬಿಸಿಲಿಗೆ ಚಪ್ಪಲಿ ಮೆತ್ತಗಾಗುತ್ತಿತ್ತು.

"ಇಲ್ಲಿ ಪೂರಾ ಹಿಮ ಇತ್ತು ಮಾರಾಯ!"

"ಈಗ ಕುಡಿಲಿಕ್ಕೆ ನೀರಾದ್ರೂ ಉಂಟಾ?" ಎಂದಳು ಅಕ್ಕ.

ಇರಲಿಲ್ಲ. ಇದ್ದ ನೀರನ್ನೆಲ್ಲ ಭಾವ ಒಂದು ಕಲ್ಲು ತೊಳೆಯಲು ಸುರಿದಿದ್ದರು. ತೆಂಗಿನಕಾಯಿ ಗಾತ್ರದ ಕಲ್ಲು, ಮೈತುಂಬ ಗೀರು. ಹಿಮದಡಿ ಉಜ್ಜಿಕೊಂಡು ಬಂದ ಗೀರಂತೆ! ಕಲ್ಲು ಮುಂದಿನ ಸೀಟಿನಲ್ಲಿ ಕೂತಿತು. ಅಕ್ಕ ಹಿಂದೆ ಬಂದು ನನ್ನ ಪಕ್ಕ ಕೂತಳು. ಮದೀನಾ ತಲುಪುವವರೆಗೆ ಗಂಡನೊಡನೆ ಮಾತಿಲ್ಲ.

ಮನೆಗೆ ಬಂದವಳೇ ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದಳು. ಭಾವ ಹೌಹಾರಿದರು. "ಅದರ ಪ್ರಾಯ ಎಷ್ಟು ಗೊತ್ತುಂಟಾ ನಿಂಗೆ?"

"ಪ್ರಾಯ ಆಯ್ತಲ್ಲ, ಇನ್ನು ಒಂದು ಕಡೆ ಕೂತ್ಕೊಳ್ಳಲಿ."

ಕೂತಿತು. ಕೂರಲಾಗದೇ ಹೋದದ್ದು ಭಾವನಿಗೆ. ಈ ವರ್ಷ ಕಂಪೆನಿಯಲ್ಲಿ ನಕ್ಷೆಗಳನ್ನೆಲ್ಲ ಕಂಪ್ಯೂಟರೇ ಬಿಡಿಸತೊಡಗಿತು. ಭಾವನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನವೀಕರಣವಾಗಲಿಲ್ಲ. ದೇಶ ಬಿಟ್ಟು ಹೊರಡಲು ಫೈನಲ್ ಎಕ್ಸಿಟ್ ಬಂತು. ಅಂದಿನಿಂದ ಅವರು ಹಿಮದ ಸುದ್ದಿ ಎತ್ತಲೇ ಇಲ್ಲ. ಎಷ್ಟು ಬೇಡಿಕೊಂಡಿದ್ದೆವು ಆ ಸುದ್ದಿ ನಿಲ್ಲಲಿ ಎಂದು! ನಿಂತಾಗ ಮನೆಯಲ್ಲಿ ಇರಲಾಗಲಿಲ್ಲ.

ಲಗೇಜು ಕಟ್ಟುವಾಗ ನನ್ನನ್ನು ಅಡುಗೆಮನೆಗೆ ಕರೆದು ಕಲ್ಲು ತೋರಿಸಿದರು. "ನಾವು ಹೋದ ಮೇಲೆ ಇದನ್ನು ಆ ಗುಡ್ಡದ ಹತ್ರವೇ ಇಟ್ಟು ಬಾ. ಎಲ್ಲಿಂದಲೋ ಬಂದು ಬಿದ್ದದ್ದು ಮಾರಾಯ. ಆದ್ರೂ ಅದಕ್ಕೆ ಈ ಊರಿನ ಹೆಸರು ಸಿಕ್ಕಿತು. ನಮಗೆ ಎಂತ ಸಿಕ್ಕಿತು?"

ಬಾಗಿಲ ಬಳಿ ಸಾಂಬಾರ ಪುಡಿ ಕಟ್ಟುತ್ತಿದ್ದ ಅಕ್ಕ ಒಮ್ಮೆ ಕಲ್ಲಿನ ಕಡೆ ನೋಡಿ ಮತ್ತೆ ಗಂಟು ಬಿಗಿದಳು.

ದಮಾಮ್ ವಿಮಾನ ನಿಲ್ದಾಣದಲ್ಲಿ ಅಕ್ಕನ ಪೆಟ್ಟಿಗೆಯ ತೂಕ ಹೆಚ್ಚಾಯಿತು. ಅವಳು ಅಲ್ಲೇ ನೆಲದಲ್ಲಿ ಕೂತು ಪೆಟ್ಟಿಗೆ ಬಿಚ್ಚಿದಳು. ಇಷ್ಟು ವರ್ಷ ಯಾರಿಗೂ ಉಣ್ಣಲು ಕೊಡದೆ ಶೋಕೇಸಿನಲ್ಲಿಟ್ಟು ಕಾದಿದ್ದ ಡಿನ್ನರ್ ಸೆಟ್ಟನ್ನು ತೆಗೆದು ನನ್ನ ಕೈಗಿಟ್ಟಳು. ಅದರಡಿ, ಅವಳ ಶಾಲಿನಲ್ಲಿ ಸುತ್ತಿಕೊಂಡು, ಕಲ್ಲು.

"ಇದು ಎಂತಕ್ಕೆ?" ಎಂದರು ಭಾವ.

"ಇಲ್ಲಿವರೆಗೆ ಹಿಮ ಹೊತ್ತು ತಂತು ಅಂತೀರಲ್ಲ," ಅಕ್ಕ ಜಿಪ್ ಎಳೆದಳು, "ಇನ್ನು ಮಂಗಳೂರಿಗೆ ನಾನು ಹೊರ್ತೇನೆ."

ಭಾವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನನಗೂ ಒರೆಸಿಕೊಳ್ಳಬೇಕಿತ್ತು, ಎರಡೂ ಕೈಯಲ್ಲಿ ಡಿನ್ನರ್ ಸೆಟ್ ಇತ್ತು.