ಕೋಡಿಯಿಲ್ಲದ ಸಮುದ್ರ

ಕಣ್ಣಿಂದ ನೋಡಿ ಆಸ್ತಿ ಕೊಳ್ಳುವವರು ಸದಾ ಚಿಂತೆಯಲ್ಲಿರುತ್ತಾರೆ. ನೋಡದೆ ಕೊಳ್ಳುವವರು ಮಾತ್ರ ಮದುವೆ ಮನೆಗೆ ಹೊರಟವರ ಹಾಗೆ ನಗುನಗುತ್ತಾ ಬರುತ್ತಾರೆ. ದೊಡ್ಡಬಳ್ಳಾಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಕೂತು ಪತ್ರ ಬರೆದುಕೊಂಡೇ ನಾನು ಸಂಸಾರ ಸಾಗಿಸಿದವನು. ಕ್ರಯಪತ್ರ, ಭೋಗ್ಯಪತ್ರ, ಗುತ್ತಿಗೆ ಕರಾರು, ಎಲ್ಲಕ್ಕೂ ನನ್ನದೇ ಕೈ. ಆ ಮರದ ನೆರಳಿಗೆ ಇಂಥವರು ತಿಂಗಳಿಗೆ ಒಬ್ಬರಾದರೂ ಬರುತ್ತಲೇ ಇದ್ದರು. ಒಂದು ಸಲ ಅವರ ಜೊತೆ ನಾನೂ ಸೇರಿಕೊಂಡೆ ಎನ್ನುವುದನ್ನು ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

೧. ಬಲಗಡೆಯ ಹೊಲ

ದೊಡ್ಡಬೆಳವಂಗಲದ ಕಡೆಯ ಒಬ್ಬ ಯಜಮಾನರು ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಒಂದು ಹೊಲ ನೋಡಿದರು. ರಾಗಿ ಎದೆಮಟ್ಟ ಬೆಳೆದು ತೂಗಾಡುತ್ತಿತ್ತಂತೆ. ಮನಸ್ಸು ಅಲ್ಲೇ ನಿಂತುಬಿಟ್ಟಿತು. ಇಳಿದು ನೋಡಿದರೆ ಬೆಲೆ ಏರಿಸುತ್ತಾರೆಂದು ಇಳಿಯಲಿಲ್ಲ. ದಲ್ಲಾಳಿಯನ್ನು ಕರೆದು, "ಆ ಹಳ್ಳಿ ಸ್ಟಾಪಿಗೆ ಮುಂಚೆ, ರಸ್ತೆ ಬಲಗಡೆ ಹೊಲ. ಮಾತಾಡು," ಎಂದರು. ಬಲಗಡೆ ಹೊಲದವನು ಕೇಳಿದ ತಕ್ಷಣ ಒಪ್ಪಿದ. ನಾನು ಪತ್ರ ಬರೆದೆ, ಅವರು ರುಜು ಹಾಕಿದರು, ಎಲ್ಲರೂ ಕಾಫಿ ಕುಡಿದೆವು.

ಉಳುವುದಕ್ಕೆ ಹೋದಾಗ ನೋಡುತ್ತಾರೆ, ಬರೀ ಬಂಡೆ. ಬಂಡೆ ಇಲ್ಲದ ಕಡೆ ಲಂಟಾನ. ರಾಗಿ ಹೊಲ ರಸ್ತೆಯ ಎಡಗಡೆ ಆರಾಮವಾಗಿ ತೂಗಾಡುತ್ತಿದೆ. ಆಮೇಲೆ ವಿಚಾರಿಸಿದರೆ, ಅವತ್ತು ಅವರು ಕೂತಿದ್ದು ಡ್ರೈವರ್ ಬೆನ್ನಿನ ಹಿಂದಿನ ಸೀಟು, ಅಂದರೆ ಹಿಂದಕ್ಕೆ ಮುಖ ಮಾಡಿ ಕೂರುವ ಸೀಟು.

ನನ್ನ ಹತ್ತಿರ ಬಂದು ಜಗಳ ತೆಗೆದರು. "ಪತ್ರದಾಗೆ ಎಲ್ಲಾ ಬರೀತೀರಿ, ನಾನು ಯಾವ ಸೀಟಲ್ಲಿ ಕುಂತಿದ್ದೆ ಅಂತ ಯಾಕ್ ಕೇಳ್ಲಿಲ್ಲ?"

ಅವತ್ತಿಂದ ಅವರು ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದರು.

೨. ಬಾದಾಮಿ ಹಾಲು

ಅವರನ್ನು ನೋಡಿ ನಾನು ಒಂದು ವಾರ ನಕ್ಕೆ. ಅದರ ಫಲ ನಮ್ಮ ಮನೆಯಲ್ಲೇ ಕಾದಿತ್ತು.

ನನಗೊಬ್ಬ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಪೇಟೆಯಲ್ಲಿ ನಾಲ್ಕು ರೇಷ್ಮೆ ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದ. ಆ ನಾಲ್ಕರಲ್ಲಿ ಎರಡು ನಮ್ಮ ಮಾವ ಮಗಳಿಗೆ ಕೊಟ್ಟಿದ್ದು. ಮನುಷ್ಯ ಒಳ್ಳೆಯವನು, ಆದರೆ ಹಗಲುಗನಸಿನವನು. ಹಾಸು ಹೊಕ್ಕು ನೋಡುತ್ತಾ ನೋಡುತ್ತಾ ಎಲ್ಲೋ ಹೊರಟುಹೋಗುತ್ತಿದ್ದ. ಆಗ ಸೀರೆಯ ಅಂಚಿನಲ್ಲಿ ಒಂದು ಹೂವು ಹೆಚ್ಚಾಗಿ ಬರುತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ಸೀರೆ ಕೊಳ್ಳಲು ಬರುತ್ತಿದ್ದ ಒಬ್ಬ ದಲ್ಲಾಳಿ ಒಂದು ದಿನ ಅವನಿಗೆ ಒಂದು ಫೋಟೋ ತೋರಿಸಿದ. ಗೋವೆಯ ಕಡಲ ದಂಡೆಯಲ್ಲಿ ತೆಂಗಿನ ಗರಿ ಹೊದಿಸಿದ ಒಂದು ಬಾರು, ಮುಂದೆ ನಾಲ್ಕು ಬೆಂಚು, ಹಿಂದೆ ಸಮುದ್ರ. ಗೋವೆ ಪರಂಗಿಯವರ, ಅಂದರೆ ಪೋರ್ಚುಗೀಸರ, ಕೈ ಬಿಟ್ಟು ಕೆಲವು ವರ್ಷಗಳಾಗಿದ್ದರೂ ನಮ್ಮೂರಿನವರಿಗೆ ಅದಿನ್ನೂ ಪರದೇಶವೇ. ದೊಡ್ಡ ಮನುಷ್ಯರು ದೂರದಿಂದ ಬಂದು ಮರಳ ಮೇಲೆ ಸುಮ್ಮನೆ ಮಲಗುವ ಊರಂತೆ. ಎದ್ದಾಗಲೆಲ್ಲ ಬಾಯಾರಿಕೆಯಂತೆ. ಬಾರಿನ ಗುತ್ತಿಗೆ ಮಾರಾಟಕ್ಕಿದೆಯಂತೆ.

ನನ್ನ ಷಡ್ಡಕ ಜನ್ಮದಲ್ಲಿ ಬಾದಾಮಿ ಹಾಲಿಗಿಂತ ಮುಂದೆ ಹೋದವನಲ್ಲ. ನಾನು ಅದನ್ನೇ ಕೇಳಿದೆ. "ಲೇ, ಕುಡಿಯೋದು ಗೊತ್ತಿಲ್ಲ ನಿಂಗೆ. ಬಾರು ಹೆಂಗೋ ನಡೆಸ್ತೀಯಾ?"

ಅವನು ಫೋಟೋದಿಂದ ಕಣ್ಣೆತ್ತದೆ ಹೇಳಿದ. "ಅಣ್ಣಾ, ಇಪ್ಪತ್ತು ವರ್ಷದಿಂದ ಸೀರೆ ನೇಯಿಸ್ತಿದ್ದೀನಿ. ಒಂದು ದಿನಾನಾದ್ರೂ ಉಟ್ಟಿದ್ದೀನಾ?"

೩. ಸರ್ಕಾರಿ ಸಮುದ್ರ

ಒಂದು ಮಗ್ಗ ಮಾರಿ ಮುಂಗಡ ಕೊಟ್ಟೇಬಿಟ್ಟ. ಉಳಿದ ಮೂರಕ್ಕೂ ಗಿರಾಕಿ ಗೊತ್ತು ಮಾಡಿದ. ಆಮೇಲೆ ಗೋವೆಯಿಂದ ಬಂತು ಗುತ್ತಿಗೆ ಪತ್ರ. ಪೂರ್ತಿ ಪರಂಗಿ ಭಾಷೆ.

ಹೊಂಗೆ ಮರದ ಕೆಳಗೆ ಹತ್ತು ಜನ ಸೇರಿದರು. ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ಈ ಭಾಷೆ ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಾಲ್ಲೂಕಿಗೇ ಹೆಸರಾದ ಪತ್ರ ಬರಹಗಾರ, ಪತ್ರ ಓದಲು ಬರುವುದಿಲ್ಲ ಎನ್ನುವುದು ಹೇಗೆ? ಕನ್ನಡಕ ಹಾಕಿಕೊಂಡೆ. ಕಾಗದವನ್ನು ಬಿಸಿಲಿಗೆ ಹಿಡಿದೆ. ಮುದ್ರೆ ಇತ್ತು, ರುಜು ಇತ್ತು, ಅಂಚಿನಲ್ಲಿ ಹೊಡೆದು ತಿದ್ದಿದ ಗುರುತು ಒಂದೂ ಇರಲಿಲ್ಲ. "ಪತ್ರ ಸರಿಯಾಗಿದೆ," ಎಂದುಬಿಟ್ಟೆ. ಷಡ್ಡಕ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. ನಾನು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟೆ.

ನಮ್ಮ ಕಡೆಯ ಪದ್ಧತಿಯಂತೆ ಕನ್ನಡದಲ್ಲೂ ಒಂದು ಕರಾರು ಇರಲಿ ಎಂದು ಬರೆಯಲು ಕೂತೆ. ಚಕ್ಕುಬಂದಿ ಇಲ್ಲದೆ ಪತ್ರವಿಲ್ಲ, ಜಾಗದ ನಾಲ್ಕು ದಿಕ್ಕಿಗೂ ಯಾರ ಸ್ವತ್ತಿದೆ ಎಂದು ಬರೆಯಲೇಬೇಕು. ದಲ್ಲಾಳಿ ಹೇಳುತ್ತಾ ಹೋದ. ಪೂರ್ವಕ್ಕೆ ರಸ್ತೆ. ಉತ್ತರಕ್ಕೆ ಒಬ್ಬ ವಿಧವೆಯ ತೆಂಗಿನ ತೋಟ. ದಕ್ಷಿಣಕ್ಕೆ ಮೀನು ಒಣಗಿಸುವ ಬಯಲು. ಪಶ್ಚಿಮಕ್ಕೆ ನಲವತ್ತು ಹೆಜ್ಜೆ ಮರಳು, ಆಮೇಲೆ ಸಮುದ್ರ.

"ಸಮುದ್ರ ಯಾರ ಹೆಸರಲ್ಲಿದೆ?" ಎಂದೆ.

ದಲ್ಲಾಳಿ ತಲೆ ಕೆರೆದುಕೊಂಡು, "ಸರ್ಕಾರದ್ದೇ ಇರಬೇಕು," ಎಂದ.

ಸಮುದ್ರ ಕಾಣದ ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಪಶ್ಚಿಮಕ್ಕೆ ಸರ್ಕಾರಿ ಸಮುದ್ರ, ಸರ್ವೆ ನಂಬರು ತಿಳಿದುಬಂದಿಲ್ಲ.

೪. ನಾದಿನಿಯ ಪ್ರಶ್ನೆ

ಪತ್ರ ಓದಿ ಹೇಳುವುದಕ್ಕೆ ಷಡ್ಡಕನ ಮನೆಗೆ ಹೋದೆವು. ನನ್ನ ನಾದಿನಿ ಜಗಲಿಯಲ್ಲಿ ರಾಟೆ ಮುಂದೆ ಕೂತು ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ದಲ್ಲಾಳಿಯನ್ನು ಕೇಳಿದಳು.

"ಏರಿ ಎಲ್ಲಿದೆ?"

"ಸಮುದ್ರಕ್ಕೆ ಏರಿ ಇರಲ್ಲಮ್ಮ."

"ಹೋಗ್ಲಿ, ಕೋಡಿ ಯಾವ ಕಡೆ ಬೀಳುತ್ತೆ?"

ಜಗಲಿಯೆಲ್ಲ ನಗು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಇರುವುದೆಲ್ಲ ಕೆರೆ. ಕೆರೆ ತುಂಬಿದರೆ ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಬೀಳಬೇಕು. ಜಮೀನು ಕೊಳ್ಳುವವರು ಮೊದಲು ಕೇಳುವುದೇ ಕೋಡಿ ಯಾವ ಕಡೆ ಎಂದು. ದಲ್ಲಾಳಿ ನಗುತ್ತಾ, ಸಮುದ್ರಕ್ಕೆ ಕೋಡಿಯೂ ಇಲ್ಲ ಎಂದ.

"ಕೋಡಿ ಇಲ್ದಿರೋ ನೀರು ತುಂಬಿದ್ಮೇಲೆ ಎಲ್ಲಿಗೆ ಹೋಗುತ್ತೆ?" ಎಂದಳು. ಅವಳೊಬ್ಬಳು ನಗಲಿಲ್ಲ. ಗಂಡನ ಕಡೆ ತಿರುಗಿದಳು. "ಎಮ್ಮೆ ತಗೊಳ್ಳೋಕೆ ಜಡಿಗೇನಹಳ್ಳಿವರೆಗೂ ಹೋಗಿ ಬಾಯಿ ಬಿಡಿಸಿ ಹಲ್ಲು ನೋಡ್ಕೊಂಡು ಬಂದ್ರಿ. ಇದಕ್ಕೆ ಫೋಟೋ ಸಾಕಾ? ಕೋಡಿ ಎಲ್ಲಿದೆ ಅಂತ ನೋಡ್ಕೊಂಡು ಬರೋ ತನಕ ಆ ಮೂರು ಮಗ್ಗ ಯಾರೂ ಮುಟ್ಟೋ ಹಂಗಿಲ್ಲ. ಅದರಲ್ಲಿ ಎರಡು ನಮ್ಮಪ್ಪ ಕೊಟ್ಟಿರೋದು." ಆಮೇಲೆ ನನ್ನ ಕಡೆ. "ಭಾವ, ಪತ್ರ ಸರಿಯಾಗಿದೆ ಅಂದೋರು ನೀವು. ನೀವೂ ಹೋಗ್ಬನ್ನಿ."

ಹೊರಡುವ ಹೊತ್ತಿಗೆ ನನ್ನ ಹೆಂಡತಿ ಬುತ್ತಿ ಕಟ್ಟಿಕೊಟ್ಟು ಒಂದೇ ಮಾತು ಹೇಳಿದಳು. "ನನ್ನ ತಂಗಿ ಮಗ್ಗ ಹೋದ್ರೆ, ನೀವು ಅಲ್ಲೇ ಇದ್ಬಿಡಿ."

೫. ಒತ್ತುವರಿ

ಮೇ ತಿಂಗಳು. ರೈಲು, ಬಸ್ಸು, ಮತ್ತೆ ಬಸ್ಸು. ಮೂರನೆಯ ದಿನ ಬೆಳಗ್ಗೆ ತೆಂಗಿನ ಮರಗಳ ಸಂದಿಯಲ್ಲಿ ಅದು ಕಾಣಿಸಿತು. ನನ್ನ ಷಡ್ಡಕ ಚಪ್ಪಲಿ ಬಿಟ್ಟು ನಿಂತ. ದೇವಸ್ಥಾನದಲ್ಲಿ ಬಿಡುವ ಹಾಗೆ ಬಿಟ್ಟ, ಜೋಡಿಸಿ.

ಅಷ್ಟು ದೊಡ್ಡದು ಇರಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಆಚೆ ದಡವೇ ಇಲ್ಲ. ನೀರು ಮುಗಿದ ಕಡೆ ಆಕಾಶ ಶುರುವಾಗಿತ್ತು, ನಡುವೆ ಹೊಲಿಗೆ ಕಾಣುತ್ತಿರಲಿಲ್ಲ. ಅವನು ಮೆಲ್ಲಗೆ ಹೇಳಿದ. "ಅಣ್ಣಾ, ಈ ನೀಲಿ ನಮ್ ರೇಷ್ಮೆಗೆ ಬಣ್ಣ ಹಾಕೋನ ಕೈಲಿ ಆಗಲ್ಲ." ನನಗೆ ಯಾಕೋ ಅಳು ಬಂತು. ಇಷ್ಟು ವರ್ಷ ಇದು ಇಲ್ಲೇ ಇತ್ತಲ್ಲ, ನಾನು ಹೊಂಗೆ ಮರದ ಕೆಳಗೆ ಕೂತಿದ್ದೆನಲ್ಲ ಅನಿಸಿತು.

ಆದರೆ ಹೋದ ಕೆಲಸ ಆಗಬೇಕು. ಬಾರು ಫೋಟೋದಲ್ಲಿ ಇದ್ದ ಹಾಗೇ ಇತ್ತು. ಮಾಲೀಕ ಒಳಗೆ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ. ನಾನು ಹಿಂಬಾಗಿಲ ಮೆಟ್ಟಿಲಿನಿಂದ ನೀರಿನವರೆಗೆ ಅಳೆದೆ. ಸರಿಯಾಗಿ ನಲವತ್ತು ಹೆಜ್ಜೆ! "ನೋಡಿದ್ಯಾ?" ಎಂದು ಬೀಗಿದೆ. ಗುರುತಿಗೆ ಒಂದು ಕಲ್ಲು ನೆಟ್ಟು, ಅದಕ್ಕೆ ಎಲೆಯಡಿಕೆ ಡಬ್ಬಿಯ ಸುಣ್ಣ ಬಳಿದೆ. ಗಡಿ ಕಲ್ಲು ನೆಡುವುದು ನಮಗೆ ರೂಢಿ.

ಊಟ ಮುಗಿಸಿ ಬಂದು ಇನ್ನೊಂದು ಸಲ ಅಳೆದೆ. ಇಪ್ಪತ್ತೆರಡು. ಕಲ್ಲಿಲ್ಲ.

"ಎಣಿಕೆ ತಪ್ಪಿದ್ದೀಯ ಅಣ್ಣಾ," ಎಂದ ಷಡ್ಡಕ. ಅವನೇ ಅಳೆದ. ಅಳೆಯುವಷ್ಟರಲ್ಲಿ ಹತ್ತೊಂಬತ್ತಾಗಿತ್ತು. ಪಕ್ಕದ ಹೊಲದವನು ಬದು ಒತ್ತುವುದನ್ನು ಜೀವನವಿಡೀ ನೋಡಿದ್ದೇನೆ. ವರ್ಷಕ್ಕೆ ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ, ಅದೂ ಕದ್ದುಮುಚ್ಚಿ. ಊಟದ ಹೊತ್ತಿನಲ್ಲಿ ಹದಿನೆಂಟು ಹೆಜ್ಜೆ ಒತ್ತುವರಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮರದ ಪೆಟ್ಟಿಗೆಯೊಂದರ ಮೇಲೆ ಕಾಗದ ಇಟ್ಟುಕೊಂಡು ತಕರಾರು ಅರ್ಜಿ ಬರೆಯಲು ಕೂತೆ. ಎದುರುದಾರರ ಹೆಸರಿನ ಜಾಗದಲ್ಲಿ ಲೇಖನಿ ನಿಂತಿತು.

ಅಷ್ಟರಲ್ಲಿ ಎದುರುದಾರರೇ ಬಂದು ನನ್ನ ಪಂಚೆ ಒದ್ದೆ ಮಾಡಿ ಹೋದರು.

೬. ಕೋಡಿ

ಒಳಗಿನಿಂದ ಒಬ್ಬ ಹೆಂಗಸು ನಕ್ಕಿದ್ದು ಕೇಳಿಸಿತು. ಬಾರಿನ ಅಡುಗೆಯಾಕೆ, ಕಾರವಾರದ ಕಡೆಯವಳು. ಆ ಪರದೇಶದಲ್ಲಿ ಬೇರೆಯವರ ಬಾಯಲ್ಲಿ ಕನ್ನಡ ಕೇಳಿ ನಮಗೆ ತವರಿಗೆ ಬಂದಷ್ಟು ಸಂತೋಷವಾಯಿತು.

"ಇದು ದಿನಾ ಎರಡು ಸಲ ಬರ್ತದೆ, ಎರಡು ಸಲ ಹೋಗ್ತದೆ ಮಾರಾಯ್ರೆ. ಅದಕ್ಕೆ ಅರ್ಜಿ ಬರೀತೀರಾ?" ಎಂದಳು.

ನಾವು ಬಂದ ಕೆಲಸ ಹೇಳಿದೆವು. ಆಕೆ ಹೋಗಿ ಮಾಲೀಕನನ್ನು ಎಬ್ಬಿಸಿದಳು. ಅವನು ನಮ್ಮ ಪರಂಗಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಏನೋ ಹೇಳಿದ. ಅಡುಗೆಯಾಕೆ ಅದನ್ನು ಕನ್ನಡದಲ್ಲಿ ಹೇಳಿದಳು. "ಪತ್ರ ಸರಿಯಾಗೇ ಉಂಟಂತೆ."

ನಾನು ಎದೆ ಉಬ್ಬಿಸಿ ಷಡ್ಡಕನನ್ನು ನೋಡಿದೆ.

"ಗುತ್ತಿಗೆ ಪ್ರತಿ ವರ್ಷ ಜೂನ್ ಒಂದರಿಂದ ಸೆಪ್ಟೆಂಬರ್ ಕಡೇವರೆಗೆ. ಅಷ್ಟೇ ತಿಂಗಳು. ದಲ್ಲಾಳಿಗೆ ಬಿಡಿಸಿ ಹೇಳಿದ್ದಂತೆ. ಅದೇ ಅಗ್ಗ ಅಂತ ಅವನೇ ಬರೆಸಿಕೊಂಡು ಹೋದನಂತೆ."

"ಮಳೆಗಾಲದಾಗೆ ಇಲ್ಲಿಗೆ ಜನ ಬರ್ತಾರಾ?" ಎಂದ ಷಡ್ಡಕ. ಅವನ ದನಿ ಸಣ್ಣಗಾಗಿತ್ತು.

"ಜನ ಹಾಗಿರಲಿ, ಮಳೆಗಾಲದಲ್ಲಿ ಇಲ್ಲಿ ಬಾರೇ ಇರೂದಿಲ್ಲ. ಮೇ ಕಡೇಲಿ ಗರಿ, ಬೆಂಚು ಎಲ್ಲಾ ಬಿಚ್ಚಿ ಗುಡ್ಡದ ಮೇಲೆ ಇಡ್ತೇವೆ. ಬಿಟ್ಟರೆ ಸಮುದ್ರ ತಗೊಂಡು ಹೋಗ್ತದೆ."

ಷಡ್ಡಕ ಮರಳ ಮೇಲೆ ಕೂತುಬಿಟ್ಟ. ಬಾರಿಲ್ಲದ ನಾಲ್ಕು ತಿಂಗಳ ಬಾರಿಗೆ ಅವನು ನಾಲ್ಕು ಮಗ್ಗ ಕಳೆದುಕೊಳ್ಳಬೇಕಿತ್ತು. ಒಂದು ಆಗಲೇ ಹೋಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಏನಾದರೂ ಮಾತಾಡಬೇಕಲ್ಲ ಎಂದು ನಾದಿನಿಯ ಪ್ರಶ್ನೆಯನ್ನೇ ಕೇಳಿದೆ. "ಅಲ್ಲಮ್ಮ, ಇದು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗುತ್ತೆ?"

ಆಕೆ ಸೌಟಿನಿಂದ ತೋರಿಸಿದಳು. "ಈ ಹಿಂಬಾಗಿಲಿಂದ ಒಳಗೆ ಬರ್ತದೆ, ಆ ಮುಂಬಾಗಿಲಿಂದ ಹೊರಗೆ ಹೋಗ್ತದೆ."

ಸಂಜೆಯವರೆಗೆ ನಾವು ಅಲ್ಲೇ ಕೂತೆವು. ಹೊರಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಒಂದು ಮಗ್ಗ ಕೊಟ್ಟು ನೋಡಿದ ಸಮುದ್ರ, ಪೂರ್ತಿ ನೋಡಿಕೊಂಡೇ ಹೋಗೋಣ ಎಂದ ಷಡ್ಡಕ. ಸೂರ್ಯ ನೀರಿಗೆ ಇಳಿಯುವಾಗ ಅವನ ಮುಖದಲ್ಲಿ ಕೋಪವೂ ಇರಲಿಲ್ಲ, ದುಃಖವೂ ಇರಲಿಲ್ಲ. ಎಷ್ಟೋ ವರ್ಷ ಅವನು ಆ ನೀಲಿಗಾಗಿ ಬಣ್ಣದವನ ಪ್ರಾಣ ತಿಂದ. ಸಿಗಲಿಲ್ಲ. ದಲ್ಲಾಳಿಯೂ ಸಿಗಲಿಲ್ಲ.

ಊರು ಮುಟ್ಟಿದಾಗ ಮಟಮಟ ಮಧ್ಯಾಹ್ನ. ದಾರಿಯುದ್ದಕ್ಕೂ ನಾನು ಹೇಳಬೇಕಾದ ಸುಳ್ಳುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಮನೆಯೊಳಗಿನಿಂದ ಮೂರು ಮಗ್ಗದ ಸದ್ದು ಕೇಳಿಸುತ್ತಿತ್ತು. ಅಷ್ಟು ಹಿತವಾದ ಸದ್ದು ನಾನು ಆ ಸಮುದ್ರದಲ್ಲೂ ಕೇಳಿರಲಿಲ್ಲ. ನಾದಿನಿ ಅದೇ ಜಗಲಿಯಲ್ಲಿ, ಅದೇ ರಾಟೆ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಕೋಡಿ ಸಿಕ್ತಾ?" ಎಂದಳು.

ನಾನು ಸುಳ್ಳಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಷಡ್ಡಕ ಚಪ್ಪಲಿ ಬಿಟ್ಟು, ಜೋಡಿಸಿ ಇಟ್ಟು, ಹೆಂಡತಿಯ ಪಕ್ಕ ಕೂತುಕೊಂಡ.

"ಸಿಕ್ತು ಕಣೇ," ಎಂದ. "ನಾವು ಗುತ್ತಿಗೆಗೆ ತಗೊಳ್ಳಕ್ಕೆ ಹೊರಟಿದ್ದೇ ಅದನ್ನ."