ಲೈಬ್ರರಿಯ ಮೂರನೆಯ ಉತ್ತರ

ಫೈಲುಗಳನ್ನು ಹತ್ತಾರು ಕಂಪ್ಯೂಟರುಗಳಲ್ಲಿ ಹಂಚಿಡುವ ಹಳೆಯ ಲೈಬ್ರರಿಯೊಂದು, ಅಂದರೆ ಪುಸ್ತಕದ್ದಲ್ಲ, ಪ್ರೋಗ್ರಾಮುಗಳದ್ದು, ಆ ಕಚೇರಿಯಲ್ಲಿತ್ತು. ಅದನ್ನು ಬರೆದ ಕಂಪ್ಯೂಟರ್ ಭಾಷೆ ಬಲ್ಲವನು ಒಬ್ಬನೇ. ಎಲ್ಲರೂ ಅವನನ್ನು ‘ಹಳಬ’ ಎನ್ನುತ್ತಿದ್ದರು. ಲೈಬ್ರರಿ ಏನು ತಕರಾರು ಮಾಡಿದರೂ ಅವನಿಗೇ ಕರೆ; ಊಟಕ್ಕೆ ಕೂತರೂ ಫೋನು, ಮಲಗಿದರೂ ಫೋನು. ಉಳಿದವರ ಹೊಸ ಭಾಷೆಗೂ ಲೈಬ್ರರಿಗೂ ನಡುವೆ ಒಂದು ಸೇತುವೆ ಬರೆದುಕೊಟ್ಟರೆ ಈ ಪೀಡೆ ತೊಲಗುತ್ತದೆ, ಸಂಜೆ ಹೊತ್ತು ಹೆಂಡತಿಯ ಜೊತೆ ನೆಮ್ಮದಿಯಾಗಿ ಕೂರಬಹುದು ಎಂಬುದೇ ಅವನ ಆಸೆ.

ಇನ್ನೇನು ಸೇತುವೆ ಮುಗಿಯಿತು ಎನ್ನುವಾಗ ತಕರಾರು ಶುರುವಾಯಿತು. ‘ಉಳಿಸು’ ಎಂದರೆ ಲೈಬ್ರರಿ ಮೂರು ಬಗೆಯಲ್ಲಿ ಉತ್ತರಿಸುತ್ತಿತ್ತು: ಉಳಿಯಿತು, ಉಳಿಯಲಿಲ್ಲ, ಗೊತ್ತಿಲ್ಲ. ಹೊಸ ಭಾಷೆಯವರಿಗೋ ಮೊದಲಿನ ಎರಡೇ ಸಾಕಿತ್ತು.

“ಗೊತ್ತಿಲ್ಲ ಅಂದ್ರೇನ್ರೀ?” ಪಕ್ಕದ ಮೇಜಿನ ಚುರುಕಮ್ಮ ಇಣುಕಿದಳು.

“ದೂರದ ಕಂಪ್ಯೂಟರ್ ಮಾತೇ ಆಡ್ದಿದ್ರೆ, ಅದು ಬರ್ಕೊಂಡಿದೆಯೋ ಇಲ್ವೋ ಹೇಗೆ ಹೇಳೋದು?”

“ಉಳೀತು ಅಂದ್ಬಿಡಿ. ಗ್ಯಾಸ್ ಆರಿಸಿದ್ರಾ ಅಂದ್ರೆ ನಮ್ಮನೆಯವ್ರು ಹೂಂ ಅನ್ನಲ್ವಾ, ಹಾಗೆ!”

ಅಷ್ಟರಲ್ಲಿ ತಪ್ಪು ಹುಡುಕುವ ಕೆಲಸದ ಪರೀಕ್ಷಕ ಬಂದ. “ಬೇಡ, ಉಳೀಲಿಲ್ಲ ಅನ್ನಿ. ಜನ ಇನ್ನೊಂದ್ಸಲ ಒತ್ತಲಿ.” ಹಾಗೇ ಮಾಡಿ, ಅವನ ರಜೆಯ ಅರ್ಜಿಯನ್ನೇ ಉಳಿಸಿ ನೋಡಿದರು. ಅವನು ಒತ್ತಿ ಒತ್ತಿ, ಪ್ರತಿ ಸಲವೂ ಅದು ಉಳಿದುಕೊಂಡು, ಒಂದು ರಜೆ ನಾಲ್ಕಾಯಿತು. ಪರೀಕ್ಷಕನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಚೇರಿ ಎರಡು ಪಂಗಡವಾಯಿತು. ಗೊತ್ತಿಲ್ಲ ಎನ್ನುವ ಧೈರ್ಯ ಇಷ್ಟು ಜನರ ನಡುವೆ ಆ ಮುದಿ ಲೈಬ್ರರಿಗೊಂದೇ ಇದೆಯಲ್ಲ ಎನಿಸಿ, ಹಳಬನಿಗೆ ಮೊದಲ ಸಲ ಅದರ ಮೇಲೆ ಪ್ರೀತಿ ಉಕ್ಕಿತು. ಸೀದಾ ಮ್ಯಾನೇಜರ್ ಎದುರು ಹೋಗಿ ನಿಂತ.

“ಸಾರ್, ಅದು ನಿಜ ಹೇಳ್ತಿದೆ. ಅದರ ಬಾಯಿ ನಾನು ಮುಚ್ಚಿಸಲ್ಲ.”

ಮ್ಯಾನೇಜರ್ ತಲೆಯಾಡಿಸಿದರು. “ಸರಿ, ಇರ್ಲಿ. ಸೇತುವೆನ ಇವತ್ತೇ ಎಲ್ರಿಗೂ ಕೊಟ್ಬಿಡೋಣ. ನೀವು ದಣಿದಿದ್ದೀರ, ಮನೆಗೆ ಹೊರಡಿ.”

ಬೆಳಕಿರುವಾಗಲೇ ಬಾಗಿಲಲ್ಲಿ ಗಂಡನನ್ನು ಕಂಡು ಹೆಂಡತಿ ಗಾಬರಿಯಾದಳು. “ಕೆಲಸದಿಂದ ತೆಗೆದ್ರಾ?”

“ಇಲ್ಲ ಕಣೇ, ಬಿಡುಗಡೆ ಆಯ್ತು.”

ಇಬ್ಬರೂ ಕಾಫಿ ಹಿಡಿದು ಕೂತರು. ಎಷ್ಟೋ ದಿನದ ಮಾತು ಬಾಕಿಯಿತ್ತು. ಅವಳು ಶುರು ಮಾಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮ್ಯಾನೇಜರ್.

“ನಿಮ್ಮ ಮಾತು ಮನಸ್ಸಿಗೆ ನಾಟ್ತು ಕಣ್ರೀ. ಗೊತ್ತಿಲ್ಲ ಅಂತ ಬಂದಾಗಲೆಲ್ಲ ತಾನಾಗೇ ನಿಮ್ಮ ಫೋನಿಗೆ ಕರೆ ಬರೋ ಹಾಗೆ ಮಾಡ್ಸಿದೀನಿ. ಅದಕ್ಕೆ ಗೊತ್ತಿಲ್ದಿದ್ರೇನು, ನಿಮಗೆ ಗೊತ್ತಿರುತ್ತಲ್ಲ!”

ಫೋನು ಕೆಳಗಿಟ್ಟನೋ ಇಲ್ಲವೋ, ಮತ್ತೆ ಹೊಡೆದುಕೊಂಡಿತು. ಹೆಂಡತಿ ಅವನ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಒಳಗೆ ಹೋದಳು.