ಪ್ರಣತಿಯ ಫ್ರೆಂಚ್ ಸೀಟೂ ಶಕುಂತಲಮ್ಮನ ಪೀಕದಾನಿಯೂ

ಮಗಳಿಗೆ ಹನೋಯಿಯ ಫ್ರೆಂಚ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಸೀಟು ಕೊಡಿಸುವುದು ತನಗೆ ನೀರು ಕುಡಿದಷ್ಟು ಸುಲಭ ಎಂದು ಚೇತನ್‌ಕುಮಾರ್ ಅರ್ಧ ಕುಶಾಲನಗರಕ್ಕೆ ಹೇಳಿಕೊಂಡು ಬಂದಿದ್ದ. ಉಳಿದರ್ಧಕ್ಕೆ ಅವನ ತಾಯಿ ಶಕುಂತಲಮ್ಮ ಹೇಳಿ ಮುಗಿಸಿದ್ದರು.

ಜಂಬಕ್ಕೆ ಕಾರಣವೂ ಇತ್ತೆನ್ನಿ. ಚೇತನ್ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಟೇಸ್ಟರ್. ಒಂದು ಚಮಚ ಕಾಫಿಯನ್ನು ‘ಸುರ್ರ್’ ಎಂದು ಬಾಯಿಗೆಳೆದುಕೊಂಡು, ಕಣ್ಣು ಮುಚ್ಚಿ, ಈ ಕೆನ್ನೆಯಿಂದ ಆ ಕೆನ್ನೆಗೆ ಓಡಾಡಿಸಿ, ಪೀಕದಾನಿಗೆ ಉಗಿದು, ಇದು ಬಾಳೆಲೆ ಊರಿನ ತೋಟದ್ದು, ಇದು ಗಾಳಿಬೀಡಿನದು, ಇದನ್ನು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದ್ದಾರೆ ಎಂದು ತೀರ್ಪು ಕೊಡುವುದೇ ಅವನ ಉದ್ಯೋಗ. ಆ ನಾಲಿಗೆಯನ್ನು ಮೆಚ್ಚಿ ವಿಯೆಟ್ನಾಮಿನ ರಾಜಧಾನಿ ಹನೋಯಿಯಲ್ಲಿರುವ ಫ್ರೆಂಚ್ ಕಂಪನಿಯೊಂದು ಅವನನ್ನು ಕರೆದಿತ್ತು. ಮನೆ, ವಿಮಾನ, ಮಗಳ ಶಾಲೆಯ ಫೀಸು ಎಲ್ಲ ಕಂಪನಿಯದೇ. ಸೀಟು ಮಾತ್ರ ಮಗು ತಾನೇ ಗಿಟ್ಟಿಸಿಕೊಳ್ಳಬೇಕು.

ಹೆಂಡತಿ ದಿವ್ಯಶ್ರೀ ಮೊದಲೇ ಷರತ್ತು ಹಾಕಿದ್ದಳು. “ಸೀಟ್ ಸಿಕ್ರೆ ಮೂರು ಜನಾನೂ ಹೋಗೋಣ. ಸಿಗ್ಲಿಲ್ವಾ, ನಾನೂ ಮಗಳೂ ಇಲ್ಲೇ ಇರ್ತೀವಿ. ನೀವೊಬ್ರೇ ಹೋಗಿ, ನೀವೇ ಸಾರು ಮಾಡ್ಕೊಂಡು, ನೀವೇ ರುಚಿ ನೋಡ್ಕೊಳ್ಳಿ.”

ಸಾರಿನ ಮಾತು ಸುಮ್ಮನೆ ಬಂದದ್ದಲ್ಲ. ಚೇತನ್ ಮನೆಗೆ ಬಂದ ಮೇಲೂ ನಾಲಿಗೆಯನ್ನು ಡ್ಯೂಟಿಯಿಂದ ಇಳಿಸುತ್ತಿರಲಿಲ್ಲ. ಹೆಂಡತಿಯ ಸಾರನ್ನೂ ಸುರ್ರ್ ಎನ್ನಿಸಿ, “ಹುಳಿ ಮುಂದೆ ಬಂತು, ಖಾರ ಹಿಂದೆ ಉಳೀತು, ಒಟ್ಟಾರೆ ಸಾಧಾರಣ” ಎನ್ನುತ್ತಿದ್ದ. ಉಗಿಯುತ್ತಿರಲಿಲ್ಲ. ಅಷ್ಟು ಎದೆಗಾರಿಕೆ ಅವನಿಗೂ ಇರಲಿಲ್ಲ.

ಶಾಲೆಯಿಂದ ಮೇಲ್ ಬಂತು. ಪ್ರಿನ್ಸಿಪಾಲ್ ಮೇಡಂ ವಿಡಿಯೊ ಕಾಲ್‌ನಲ್ಲಿ ಮಗುವನ್ನು ನೋಡುತ್ತಾರೆ, ಮಗು ಎಂದಿನಂತೆ ಸಂಜೆಯ ತಿಂಡಿ ತಿನ್ನುತ್ತಿರಲಿ, ದಯವಿಟ್ಟು ಏನನ್ನೂ ಬಾಯಿಪಾಠ ಮಾಡಿಸಬೇಡಿ.

“ಮಾಡಿಸ್ಬೇಡಿ ಅಂತ ಬರ್ದಿದಾರೆ ಅಂದ್ರೆ ಎಲ್ರೂ ಮಾಡಿಸ್ತಾರೆ ಅಂತ್ಲೇ ಅರ್ಥ,” ಎಂದು ಚೇತನ್ ಅಂದೇ ಶುರುಮಾಡಿದ. ಐದು ವರ್ಷದ ಪ್ರಣತಿ ನಮಸ್ಕಾರಕ್ಕೆ ‘ಬೋಂಜೂರ್’ ಕಲಿತಳು, ಥ್ಯಾಂಕ್ಸಿಗೆ ‘ಮೆರ್ಸಿ’ ಕಲಿತಳು. ಫೋರ್ಕ್‌ನಲ್ಲಿ ಕಡುಬು ತಿನ್ನುವುದನ್ನು ಕಲಿಯುವಾಗ ಮಾತ್ರ ಒಂದು ಕಡುಬು ಹಾರಿ ದೇವರ ಗೂಡಿನೊಳಕ್ಕೆ ಬಿತ್ತು. ಶಕುಂತಲಮ್ಮ ಅದನ್ನು ನೈವೇದ್ಯವೆಂದು ತಿಳಿದು ಕೈ ಮುಗಿದರು.

ಕಾಲ್‌ನ ದಿನ ಬಂತು. “ಫ್ರೆಂಚ್ ಮಕ್ಕಳು ಸಂಜೆ ಬಿಸಿ ಚಾಕೊಲೇಟ್ ಕುಡೀತಾರೆ. ಇದು ನಿನ್ನ ಕೈಲಿ ಆಗೋದಲ್ಲ, ನಾನೇ ಮಾಡ್ತೀನಿ,” ಎಂದು ಚೇತನ್ ಮಡಿಕೇರಿಯ ಹೋಮ್‌ಮೇಡ್ ಚಾಕೊಲೇಟನ್ನು ಹಾಲಿಗೆ ಹಾಕಿ ಒಲೆಯ ಮೇಲಿಟ್ಟ. ಆಮೇಲೆ ಟೈ ಹುಡುಕಲು ಹೋದ. ಮದುವೆಯಾದಂದಿನಿಂದ ಆ ಟೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ರೀ, ತಳ ಹಿಡಿದಿರೋ ವಾಸನೆ,” ಎಂದಳು ದಿವ್ಯಶ್ರೀ.

“ಅದು ವಾಸನೆ ಅಲ್ಲ ಕಣೇ, ರೋಸ್ಟ್. ಅವ್ವ, ನೀನು ಮಾತ್ರ ಕ್ಯಾಮೆರಾಕ್ಕೆ ಕಾಣ್ಬಾರ್ದು, ತಿಳೀತಾ?”

“ಕಾಣಲ್ಲ ಬಿಡಪ್ಪ,” ಎಂದು ಶಕುಂತಲಮ್ಮ ಎಲೆಅಡಿಕೆ ಹಾಕಿಕೊಂಡು ಎಡಗಡೆಯ ಬಾಗಿಲಿನ ಪರದೆಯ ಮರೆಗೆ ಸರಿದರು.

ಪ್ರಿನ್ಸಿಪಾಲ್ ಲ್ಯಾಪ್‌ಟಾಪಿನಲ್ಲಿ ನಗುತ್ತ ಮೂಡಿದರು. ಪ್ರಣತಿ ‘ಬೋಂಜೂರ್’ ಎಂದಳು. ಮೇಡಂ ಖುಷಿಯಾದರು. ಚೇತನ್ ಎದೆ ಉಬ್ಬಿಸಿ, ಆರಿಸಿಟ್ಟ ಚಾಕೊಲೇಟಿನ ಕಪ್ಪನ್ನೂ ಚಮಚವನ್ನೂ ಮಗಳ ಮುಂದಿಟ್ಟ. ಅಲ್ಲಿಗೆ ಕೆಟ್ಟಿತು ನೋಡಿ!

ಚೇತನ್ ಮರೆತದ್ದು ಒಂದೇ. ಭಾನುವಾರಗಳಂದು ಅವನು ಸ್ಯಾಂಪಲ್ ಕಾಫಿ ತಂದು ಮನೆಯಲ್ಲೇ ರುಚಿ ನೋಡುವಾಗ, ಮಗಳು ಹಾಲಿನ ಲೋಟ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. ಅಪ್ಪ ಮಾಡಿದಂತೆಯೇ ಮಾಡುತ್ತಿದ್ದಳು. ಇಬ್ಬರಿಗೂ ಉಗಿಯಲು ಶಕುಂತಲಮ್ಮ ಎಡಗಡೆಯಿಂದ ಚಾಚುವ ಹಿತ್ತಾಳೆಯ ಪೀಕದಾನಿಯೇ ಗತಿ.

ಪ್ರಣತಿ ಚಮಚ ಎತ್ತಿದಳು. ‘ಸುರ್ರ್!’ ಹನೋಯಿಯಲ್ಲಿ ಪ್ರಿನ್ಸಿಪಾಲ್ ಕುರ್ಚಿಯಿಂದ ಅರ್ಧ ಎದ್ದರು. ಮಗು ಕಣ್ಣು ಮುಚ್ಚಿ, ಕೆನ್ನೆಯಿಂದ ಕೆನ್ನೆಗೆ ಓಡಾಡಿಸಿ, ತಲೆಯನ್ನು ಎಡಕ್ಕೆ ತಿರುಗಿಸಿತು. ಪರದೆಯ ಮರೆಯಿಂದ ಬಳೆ ತೊಟ್ಟ ಕೈಯೊಂದು ಪೀಕದಾನಿ ಹಿಡಿದು ಚಾಚಿಕೊಂಡಿತು. ಶಕುಂತಲಮ್ಮ ಕೊಟ್ಟ ಮಾತಿನಂತೆ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಪ್ರಣತಿ ಉಗಿದಳು. ಕೈ ಹಿಂದಕ್ಕೆ ಹೋಯಿತು.

“ಅದು ಯಾರ ಕೈ?” ಎಂದು ಪ್ರಿನ್ಸಿಪಾಲ್ ಇಂಗ್ಲಿಷಿನಲ್ಲಿ ಕೇಳಿದರು. ಅವರ ಮುಖದ ಬಣ್ಣ ಹೋಗಿತ್ತು.

ಚೇತನ್ ಕ್ಯಾಮೆರಾಕ್ಕೆ ಅಡ್ಡ ನುಗ್ಗಿದ. “ಗಾಬರಿಯಾಗಬೇಡಿ ಮೇಡಂ, ಇದು ನಮ್ಮ ವೃತ್ತಿ,” ಎಂದು ತೊದಲುತ್ತ, ಮಾಡಿ ತೋರಿಸಲು ಪಕ್ಕದ ಒಲೆಯ ಮೇಲಿದ್ದ ಪಾತ್ರೆಯಿಂದ ಕುದಿಕುದಿ ಚಾಕೊಲೇಟನ್ನು ಸೌಟಿನಲ್ಲೇ ಎತ್ತಿ ಸುರ್ರ್ ಎಂದು ಎಳೆದ. ನಾಲಿಗೆ ಚುರ್ ಎಂದಿತು. ಎಳೆದದ್ದೆಲ್ಲ ನೆತ್ತಿಗೇರಿ, ಕೆಮ್ಮಿನ ಜೊತೆ ಲ್ಯಾಪ್‌ಟಾಪಿನ ಮೇಲೆ ಅಭಿಷೇಕವಾಯಿತು. ಪ್ರಿನ್ಸಿಪಾಲ್ ಒಮ್ಮೆ ನಡುಗಿ ಕಪ್ಪಾಗಿ ಮಾಯವಾದರು.

“ಹೋಯ್ತು,” ಎಂದಳು ದಿವ್ಯಶ್ರೀ.

ಲ್ಯಾಪ್‌ಟಾಪ್ ಹೋಯಿತೋ, ಸೀಟು ಹೋಯಿತೋ, ವಿಯೆಟ್ನಾಮೇ ಹೋಯಿತೋ, ಕೇಳುವ ಧೈರ್ಯ ಚೇತನ್‌ಗೆ ಇರಲಿಲ್ಲ. ಪರದೇಶದ ಅಡುಗೆಮನೆಯಲ್ಲಿ ತಾನೊಬ್ಬನೇ ಬೇಳೆ ಬೇಯಿಸುತ್ತ ನಿಂತದ್ದು ಅವನ ಕಣ್ಣಿಗೆ ಕಟ್ಟಿತು. ಮಗಳನ್ನು ಬಿಟ್ಟು ಇರುವುದು ತನ್ನಿಂದ ಆಗದ ಮಾತು ಎಂದು ಅವನಿಗೆ ಆಗಲೇ ಹೊಳೆದದ್ದು.

ಅಷ್ಟರಲ್ಲಿ ದಿವ್ಯಶ್ರೀಯ ಮೊಬೈಲ್ ಹೊಡೆದುಕೊಂಡಿತು. ಪ್ರಿನ್ಸಿಪಾಲ್!

“ಮಗು ಹುಷಾರಾಗಿದೆಯೇ? ಅವಳು ಅದನ್ನು ಯಾಕೆ ಉಗಿದಳು?”

ಚೇತನ್ ಬಾಯಿ ತೆರೆದ. ಸುಟ್ಟ ನಾಲಿಗೆಯಿಂದ ಬಂದದ್ದು ‘ಅಬ್ಬಬ್ಬಬ್ಬ’ ಅಷ್ಟೆ. ದಿವ್ಯಶ್ರೀ ಪ್ರಶ್ನೆಯನ್ನು ಮಗಳಿಗೆ ಕನ್ನಡದಲ್ಲಿ ಕೇಳಿದಳು.

“ಅಪ್ಪ ಮಾಡಿದ್ದು,” ಎಂದಳು ಪ್ರಣತಿ. “ಸೀದು ಹೋಗಿದೆ. ಹಾಲು ಮುಂದೆ ಬಂತು, ಚಾಕೊಲೇಟ್ ಹಿಂದೆ ಉಳೀತು. ಒಟ್ಟಾರೆ ಸಾಧಾರಣ.”

ದಿವ್ಯಶ್ರೀ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು. ಅಷ್ಟು ಮನಸ್ಸಿಟ್ಟು ಅವಳು ಕಾಲೇಜಿನಲ್ಲೂ ಇಂಗ್ಲಿಷ್ ಮಾತಾಡಿರಲಿಲ್ಲ.

ಆ ಕಡೆ ಮೇಡಂ ನಗಲು ಶುರುಮಾಡಿದರು, ನಿಲ್ಲಿಸಲೇ ಇಲ್ಲ. “ನಮ್ಮ ಕ್ಯಾಂಟೀನಿನಲ್ಲಿ ಮಕ್ಕಳು ರುಚಿ ನೋಡದೆಯೇ ಬೇಡ ಅನ್ನುತ್ತವೆ. ಮೊದಲು ರುಚಿ ನೋಡು, ಆಮೇಲೆ ಕಾರಣ ಹೇಳು ಎಂದು ಕಲಿಸುವುದರಲ್ಲೇ ವರ್ಷ ಕಳೆಯುತ್ತದೆ. ನಿಮ್ಮ ಮಗುವಿಗೆ ಅದು ಬಂದೇ ಇದೆ. ಸೀಟು ಕೊಟ್ಟಿದ್ದೇವೆ. ಆ ಕೈಯನ್ನು ಮಾತ್ರ ಶಾಲೆಗೆ ಕಳಿಸಬೇಡಿ.”

ಸೊಸೆ ಇದನ್ನು ತಿಳಿಸಿದಾಗ ಪರದೆಯ ಹಿಂದಿನಿಂದ ಉತ್ತರ ಬಂತು: “ಕರೆದ್ರೂ ನಾನು ಬರಲ್ಲ ಅನ್ನು.”

ರಾತ್ರಿ ಊಟಕ್ಕೆ ಸಾರು ಬಂತು. ಚೇತನ್ ಅಭ್ಯಾಸಬಲದಿಂದ ಚಮಚವನ್ನು ತುಟಿಯ ಹತ್ತಿರ ತಂದ. ಹೆಂಡತಿಯ ಕಡೆ ನೋಡಿದ. ಸದ್ದಿಲ್ಲದೆ ನುಂಗಿ, “ತುಂಬಾ ಚೆನ್ನಾಗಿದೆ,” ಎಂದ. ನಿಜ ಹೇಳಬೇಕೆಂದರೆ ಆ ಸುಟ್ಟ ನಾಲಿಗೆಗೆ ಸಾರೂ ಒಂದೇ, ನೀರೂ ಒಂದೇ ಆಗಿತ್ತು.

ಪ್ರಣತಿ ತಟ್ಟೆಯಿಂದ ತಲೆ ಎತ್ತಿದಳು. “ಬರೀ ಚೆನ್ನಾಗಿದೆ ಅಂದ್ರೆ ಆಗಲ್ಲ ಅಪ್ಪ. ಕಾರಣ ಹೇಳು.”

ಚೇತನ್ ಕಕ್ಕಾಬಿಕ್ಕಿಯಾಗಿ ಎಡಕ್ಕೆ ತಿರುಗಿದ. ಬಳೆ ತೊಟ್ಟ ಕೈ ಆಗಲೇ ಪೀಕದಾನಿ ಹಿಡಿದು ಕಾಯುತ್ತಿತ್ತು.